ಹಿಮದ ಮೇಲೆ ಬೆಚ್ಚನೆಯ ಹೆಜ್ಜೆ: ಬಿಸಿ ಕಾಲುಚೀಲ ಕೊಳ್ಳುವ ಮುನ್ನ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳ ರಜೆಯ ದಾರಿ ಒಂದು ಕಾಲದಲ್ಲಿ ಊರಿನ ಕಡೆಗೇ ಇತ್ತು. ಮೇ ತಿಂಗಳು ಬಂತೆಂದರೆ ಮಂಗಳೂರು, ಉಡುಪಿಗಳ ಬಸ್ಸು. ಹುಬ್ಬಳ್ಳಿ, ವಿಜಾಪುರಗಳ ರೈಲು. ಇಂದು ಊರಿನ ನಂಟು ಉಳಿದಿದ್ದರೂ ಡಿಸೆಂಬರ್ ರಜೆ ಬಂದಾಗ ಮಕ್ಕಳ ಬೇಡಿಕೆ ಬೇರೆಯದೇ ಆಗಿರುತ್ತದೆ: “ಹಿಮ ನೋಡಬೇಕು, ಸ್ಕೀಯಿಂಗ್ ಮಾಡಬೇಕು.” ಹೀಗಾಗಿ ಕಾಶ್ಮೀರದ ಗುಲ್ಮಾರ್ಗ್, ಮನಾಲಿ ಸಮೀಪದ ಸೋಲಾಂಗ್, ಉತ್ತರಾಖಂಡದ ಔಲಿ ಮೊದಲಾದ ಹೆಸರುಗಳು ನಮ್ಮ ಮನೆಮಾತಿನಲ್ಲಿ ಸೇರಿಕೊಂಡಿವೆ.

ಸ್ಕೀಯಿಂಗ್ ಕನ್ನಡಿಗರಿಗೆ ಸಂಬಂಧವಿಲ್ಲದ ಆಟವೆಂದು ಭಾವಿಸಬೇಕಾಗಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ನಾರ್ಡಿಕ್ ಸ್ಕೀಯಿಂಗ್ ವಿಭಾಗದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದಾರೆ. ಕಾಫಿ ತೋಟಗಳ ನಾಡಿನ ಮಗಳು ಹಿಮದ ಮೇಲೆ ಓಡಬಲ್ಲಳಾದರೆ, ಫಡ್ಕೆ ರಸ್ತೆಯಲ್ಲಿ ನಡೆದು ಬೆಳೆದ ನಮ್ಮ ಮಕ್ಕಳೂ ಕಲಿಯಬಲ್ಲರು.

ಆದರೆ ಹದಿನೈದು ಡಿಗ್ರಿಗೆ ಪಾದರಸ ಇಳಿದರೆ ಸ್ವೆಟರ್ ಹುಡುಕುವ ನಮಗೆ ಸೊನ್ನೆಗಿಂತ ಕೆಳಗಿನ ಚಳಿಯ ಅಭ್ಯಾಸವಿಲ್ಲ. ಹೋಗಿ ಬಂದವರು ಸಾಮಾನ್ಯವಾಗಿ ಹೇಳುವ ಮೊದಲ ಮಾತು: “ಎಲ್ಲವೂ ಚೆನ್ನಾಗಿತ್ತು, ಕಾಲು ಮಾತ್ರ ಮರಗಟ್ಟಿಹೋಯಿತು.” ಇದಕ್ಕೆ ಉತ್ತರವಾಗಿ ಬ್ಯಾಟರಿಯಿಂದ ಬಿಸಿಯಾಗುವ ಕಾಲುಚೀಲಗಳು, ಬೂಟಿನ ಒಳಹಾಸುಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿವೆ. ಇವು ನಿಜಕ್ಕೂ ಬೇಕೇ? ಹೇಗೆ ಕೆಲಸ ಮಾಡುತ್ತವೆ? ಯಾರು ಧರಿಸಬಹುದು, ಯಾರು ಧರಿಸಬಾರದು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು.

ಪಾದವೇ ಮೊದಲು ತಣ್ಣಗಾಗುವುದೇಕೆ?

ಮನೆಯ ಆದಾಯ ಕುಗ್ಗಿದಾಗ ನಾವು ಏನು ಮಾಡುತ್ತೇವೆ? ಸಿನೆಮಾ, ಹೋಟೆಲು ಮೊದಲು ನಿಲ್ಲುತ್ತವೆ. ಅಕ್ಕಿ, ಬೇಳೆ, ಔಷಧ ನಿಲ್ಲುವುದಿಲ್ಲ. ದೇಹವೂ ಹೀಗೆಯೇ ಸಂಸಾರ ನಡೆಸುತ್ತದೆ. ಹೃದಯ, ಮಿದುಳು, ಯಕೃತ್ತುಗಳನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡುವುದು ಅದರ ಮೊದಲ ಕರ್ತವ್ಯ. ಹೊರಗೆ ಚಳಿ ಹೆಚ್ಚಿದಾಗ ಕೈಕಾಲುಗಳ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಬಿಸಿರಕ್ತ ಒಳಗೇ ಉಳಿಯುತ್ತದೆ. ಹೃದಯದಿಂದ ಅತಿ ದೂರದಲ್ಲಿರುವ ಕಾಲ್ಬೆರಳುಗಳ ಪಾಲು ಮೊದಲು ಕಡಿತಗೊಳ್ಳುತ್ತದೆ.

ಇದರಿಂದ ತಿಳಿಯುವ ಸಂಗತಿ ಬಹಳ ದೊಡ್ಡದು. ಪಾದಕ್ಕೆ ಬಿಸಿ ಬರುವುದು ಮುಖ್ಯವಾಗಿ ರಕ್ತದಿಂದ. ತಲೆಗೆ ಟೋಪಿ ಇಲ್ಲದೆ, ಎದೆಗೆ ಸರಿಯಾದ ಜಾಕೆಟ್ ಇಲ್ಲದೆ, ಬೆಳಗಿನ ಉಪಾಹಾರ ಮಾಡದೆ ಹೊರಟವರು ಎಷ್ಟು ದಪ್ಪದ ಕಾಲುಚೀಲ ಹಾಕಿದರೂ ಪಾದ ತಣ್ಣಗೇ ಇರುತ್ತದೆ. ಕಾಲು ತಣ್ಣಗಾದರೆ ಮೊದಲು ದೇಹವನ್ನು ಬೆಚ್ಚಗಾಗಿಸಬೇಕು. ಧೂಮಪಾನವು ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಮದ್ಯವು ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ, ದೇಹದ ಬಿಸಿಯನ್ನು ಚರ್ಮದ ಮೂಲಕ ಹೊರಹಾಕುತ್ತದೆ.

ಎರಡನೆಯ ಕಾರಣ ಬೆವರು. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ. ಚಳಿಯಲ್ಲಿಯೂ ಮುಚ್ಚಿದ ಬೂಟಿನೊಳಗೆ ಕಾಲು ಬೆವರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಉಷ್ಣವನ್ನು ಸಾಗಿಸುತ್ತದೆ. ಆದುದರಿಂದ ಒದ್ದೆಯಾದ ಕಾಲುಚೀಲ ಕಾಲುಚೀಲವೇ ಇಲ್ಲದಷ್ಟು ನಿರುಪಯೋಗಿ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದಗಳು ಕೆಟ್ಟುಹೋದದ್ದು ಹೆಪ್ಪುಗಟ್ಟಿಸುವ ಚಳಿಯಿಂದಲ್ಲ. ದಿನಗಟ್ಟಲೆ ಒದ್ದೆಯಾಗಿ, ತಣ್ಣಗೆ ಉಳಿದದ್ದರಿಂದ.

ಮೂರನೆಯದು ಒತ್ತಡ. ಇಳಿಜಾರಿನಲ್ಲಿ ಜಾರುವ ಆಲ್ಪೈನ್ ಸ್ಕೀಯಿಂಗ್‌ನ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಪಾದ ಅಲುಗಾಡದಂತೆ ಕ್ಲಿಪ್ಪುಗಳಿಂದ ಬಿಗಿಯುತ್ತದೆ. ಬಿಗಿ ಹೆಚ್ಚಾದರೆ ರಕ್ತಸಂಚಾರ ನಿಲ್ಲುತ್ತದೆ. ನಾರ್ಡಿಕ್ ಸ್ಕೀಯಿಂಗ್‌ನ ಬೂಟು ಹಗುರ, ಹಿಮ್ಮಡಿ ಏಳುವಂಥದ್ದು. ಅಲ್ಲಿ ಓಟಗಾರರ ಕಾಲು ನಿರಂತರವಾಗಿ ದುಡಿದು ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಪ್ರವಾಸಕ್ಕೆ ಹೋದ ನಾವಾದರೋ ಬಹುಪಾಲು ಸಮಯ ಸರದಿಯಲ್ಲಿ ನಿಂತಿರುತ್ತೇವೆ. ನಿಂತ ಕಾಲು ಬೇಗ ತಣ್ಣಗಾಗುತ್ತದೆ.

ಬ್ಯಾಟರಿಗಿಂತ ಮೊದಲು

ಎರಡು ಜೊತೆ ಕಾಲುಚೀಲ ಹಾಕಿದರೆ ಇಮ್ಮಡಿ ಬಿಸಿ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಸ್ಕೀ ಬೂಟಿನ ಮಟ್ಟಿಗೆ ಇದು ತಪ್ಪು. ಎರಡನೆಯ ಜೊತೆ ಬೂಟನ್ನು ಇನ್ನಷ್ಟು ಬಿಗಿಗೊಳಿಸಿ ರಕ್ತವನ್ನು ತಡೆಯುತ್ತದೆ. ಮಡಿಕೆಗಳು ಬೊಕ್ಕೆ ಏಳಿಸುತ್ತವೆ. ಮೊಣಕಾಲಿನ ಕೆಳಗಿನವರೆಗೆ ಬರುವ ಒಂದೇ ಜೊತೆ ತೆಳುವಾದ ಉಣ್ಣೆಯ ಕಾಲುಚೀಲ ಸಾಕು. ಥರ್ಮಲ್ ಪೈಜಾಮವನ್ನು ಬೂಟಿನೊಳಗೆ ತುರುಕಬಾರದು.

ಹತ್ತಿ ನಮ್ಮ ಕಡಲತೀರದ ಸೆಖೆಗೆ ಹೇಳಿಮಾಡಿಸಿದ ನೂಲು, ಹಿಮಕ್ಕಲ್ಲ. ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಲು ಒದ್ದೆಯೆನಿಸುವುದಿಲ್ಲ. ಜಡಿಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವ ನಮ್ಮ ಹಾಲುಮತದ ಹಿರಿಯರಿಗೆ ಈ ವಿಜ್ಞಾನ ಪುಸ್ತಕವಿಲ್ಲದೆಯೇ ತಿಳಿದಿತ್ತು.

ಬೂಟನ್ನು ಅಲ್ಲಿಯೇ ಬಾಡಿಗೆಗೆ ಪಡೆಯುವವರು ಅವಸರ ಮಾಡಬಾರದು. ಸ್ಕೀ ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲಿರುತ್ತದೆ. ಮನೆಯಲ್ಲಿಯೇ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಅಳೆದುಕೊಂಡು ಹೋಗಬಹುದು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಹಗುರವಾಗಿ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಒಳಗೆ ಕೈಹಾಕಿ ನೋಡಿ, ತೇವವಿದ್ದರೆ ಬೇರೆ ಜೊತೆ ಕೇಳಿ. ಕೇಳಲು ಸಂಕೋಚ ಬೇಡ. ಹಣ ಕೊಡುವವರು ನಾವು, ಕಾಲೂ ನಮ್ಮದೇ.

ಹೋಟೆಲಿನಿಂದ ಹಾಕಿಕೊಂಡು ಬಂದ ಕಾಲುಚೀಲ ಹಾದಿಯಲ್ಲಿಯೇ ಬೆವರಿರುತ್ತದೆ. ಒಣ ಜೊತೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬೂಟು ಧರಿಸುವ ಮುನ್ನ ಬದಲಾಯಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಕೇಬಲ್ ಕಾರಿನಲ್ಲಿ ಕುಳಿತಾಗ, ವಿಶ್ರಾಂತಿಯ ವೇಳೆಯಲ್ಲಿ ಕ್ಲಿಪ್ಪುಗಳನ್ನು ಸಡಿಲಿಸಿ ಬೆರಳಾಡಿಸಬೇಕು. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲದ ಎರಡನೆಯ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಕೆಳಗೆ ಹಿತವಾಗಿದ್ದ ಉಡುಪು ಮೇಲೆ ಸಾಲದಿರಬಹುದು. ರಾತ್ರಿ ಬೂಟಿನೊಳಗೆ ವೃತ್ತಪತ್ರಿಕೆ ತುರುಕಿ ಒಣಗಿಸಿ. ಬುಖಾರಿಯ ಪಕ್ಕದಲ್ಲಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಬಿಸಿ ಕಾಲುಚೀಲ ಹೇಗೆ ಕೆಲಸ ಮಾಡುತ್ತದೆ?

ಇಷ್ಟೆಲ್ಲ ಮಾಡಿಯೂ ಕೆಲವರ ಕಾಲು ತಣ್ಣಗೇ ಇರುತ್ತದೆ. ಅಂಥವರಿಗೆ ಈ ಸಾಮಗ್ರಿ ವರದಾನ. ತತ್ತ್ವ ಸರಳವಾದುದು, ಇಸ್ತ್ರಿಪೆಟ್ಟಿಗೆಯದೇ ತತ್ತ್ವ. ಬೆರಳುಗಳ ಸುತ್ತ ತೆಳುವಾದ ತಂತಿ ಅಥವಾ ಇಂಗಾಲದ ನಾರು ಹೆಣೆದಿರುತ್ತದೆ. ವಿದ್ಯುತ್ ಹರಿದಾಗ ಅದು ಬಿಸಿಯಾಗುತ್ತದೆ. ಬ್ಯಾಟರಿ ಕಾಲುಚೀಲದ ಮೇಲಂಚಿನ ಪುಟ್ಟ ಜೇಬಿನಲ್ಲಿ, ಬೂಟಿನ ಹೊರಗೆ ಇರುತ್ತದೆ. ಒಳಹಾಸಿನ ಮಾದರಿಯಲ್ಲಿ ತಂತಿ ಅಂಗಾಲಿನ ಕೆಳಗಿರುತ್ತದೆ. ಅದನ್ನು ಸ್ವಂತ ಬೂಟಿಗೆ ಅಳವಡಿಸಬೇಕು. ವರ್ಷಕ್ಕೊಮ್ಮೆ ಬಾಡಿಗೆ ಬೂಟು ಧರಿಸುವ ನಮ್ಮಂಥವರಿಗೆ ಕಾಲುಚೀಲದ ಮಾದರಿಯೇ ಅನುಕೂಲ.

ಎಷ್ಟು ಹೊತ್ತು ಬಾಳುತ್ತದೆ? ಶಾಲೆಯ ಗಣಿತ ಸಾಕು. 3.7 ವೋಲ್ಟ್, 3,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 11 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಮೂರು ವ್ಯಾಟ್‌ನಂತೆ ಖರ್ಚಾದರೆ ಮೂರೂವರೆ ಗಂಟೆಗೂ ತುಸು ಹೆಚ್ಚು, ಒಂದೂವರೆ ವ್ಯಾಟ್‌ನಂತೆ ಖರ್ಚಾದರೆ ಅದರ ಇಮ್ಮಡಿ. ಆದರೆ ಲಿಥಿಯಂ ಬ್ಯಾಟರಿಯ ಶಕ್ತಿ ಚಳಿಯಲ್ಲಿ ಕುಗ್ಗುತ್ತದೆ. ಡಬ್ಬಿಯ ಮೇಲೆ ಬರೆದ ಅವಧಿಯನ್ನು ಹಿಮದ ಮೇಲೆ ನಿರೀಕ್ಷಿಸಬಾರದು. ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಿದರೆ ಬ್ಯಾಟರಿಯೇ ಹಾಳಾಗುತ್ತದೆ. ಕೋಣೆಯೊಳಗೆ ಚಾರ್ಜ್ ಮಾಡಿ, ಬಳಸುವವರೆಗೆ ಒಳಜೇಬಿನಲ್ಲಿಡಬೇಕು.

ಕೊಳ್ಳುವಾಗ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐ.ಎಸ್. 16046 ಎಂಬ ಸಂಖ್ಯೆ ಇದೆಯೇ ನೋಡಿ. ಮೂರು ಹಂತದ ನಿಯಂತ್ರಣವಿರುವುದು ಉತ್ತಮ. ಕಾಲು ಮರಗಟ್ಟಿದ ನಂತರ ಪೂರ್ಣ ಬಿಸಿ ಹಾಕುವುದಕ್ಕಿಂತ, ಕಾಲು ಇನ್ನೂ ಬೆಚ್ಚಗಿರುವಾಗಲೇ ಕನಿಷ್ಠ ಹಂತದಲ್ಲಿ ಆರಂಭಿಸುವುದು ಸರಿಯಾದ ಕ್ರಮ. ಹೆಚ್ಚು ಬಿಸಿ ಎಂದರೆ ಹೆಚ್ಚು ಬೆವರು. ಬೆವರು ಎಂದರೆ ಮತ್ತೆ ಚಳಿ. ಒಗೆಯುವಾಗ ಬ್ಯಾಟರಿ ತೆಗೆದು, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು.

ವಿಮಾನದಲ್ಲಿ ಹೋಗುವವರು ಈ ಬ್ಯಾಟರಿಗಳನ್ನು ಕಾಲುಚೀಲದಿಂದ ಬೇರ್ಪಡಿಸಿ ಕೈಚೀಲದಲ್ಲಿ ಒಯ್ಯಬೇಕು, ಸರಕಿನ ಪೆಟ್ಟಿಗೆಯಲ್ಲಿ ಇಡಬಾರದು. 100 ವ್ಯಾಟ್-ಗಂಟೆಯ ಒಳಗಿನ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ ಕೈಚೀಲದಲ್ಲಿ ಅನುಮತಿ ಇದೆ. ಶ್ರೀನಗರದಂಥ ನಿಲ್ದಾಣಗಳಲ್ಲಿ ತಪಾಸಣೆ ಬಿಗಿಯಾಗಿರುವುದರಿಂದ ಹೊರಡುವ ಮುನ್ನ ವಿಮಾನ ಸಂಸ್ಥೆಯನ್ನು ವಿಚಾರಿಸುವುದು ಜಾಣತನ.

ಒಮ್ಮೆ ಮಾತ್ರ ಬಳಸುವ ಅಗ್ಗದ ಪೊಟ್ಟಣಗಳೂ ಇವೆ. ಅವುಗಳಲ್ಲಿರುವುದು ಕಬ್ಬಿಣದ ಪುಡಿ, ಉಪ್ಪು, ಇಂಗಾಲ ಇತ್ಯಾದಿ. ಗಾಳಿ ತಾಗಿದಾಗ ಕಬ್ಬಿಣ ತುಕ್ಕು ಹಿಡಿಯುತ್ತ ಬಿಸಿ ಬಿಡುತ್ತದೆ. ಬಿಗಿಯಾದ ಸ್ಕೀ ಬೂಟಿನೊಳಗೆ ಗಾಳಿ ಕಡಿಮೆ. ಹೀಗಾಗಿ ಕೈಗೆಂದು ಮಾಡಿದ ಪೊಟ್ಟಣ ಅಲ್ಲಿ ಮಂಕಾಗುತ್ತದೆ. ಪಾದಕ್ಕೆಂದೇ ತಯಾರಿಸಿದ್ದನ್ನು ಮಾತ್ರ, ಕಾಲುಚೀಲದ ಹೊರಮೈಗೆ ಅಂಟಿಸಿ ಬಳಸಬೇಕು. ಬರಿಚರ್ಮಕ್ಕೆ ಎಂದಿಗೂ ತಾಗಿಸಬಾರದು.

ಅರಿವಿಲ್ಲದ ಪಾದ

ಈಗ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಡೊಂಬಿವಲಿಯ ಅಜ್ಜ, ಮಗ, ಸೊಸೆ, ಮೊಮ್ಮಗಳು ಗುಲ್ಮಾರ್ಗಿಗೆ ಹೊರಟಿದ್ದಾರೆ. ಅಜ್ಜನಿಗೆ ಹದಿನೈದು ವರ್ಷಗಳಿಂದ ಮಧುಮೇಹ. ಅಜ್ಜನ ಕಾಲು ತಣ್ಣಗಾಗದಿರಲೆಂದು ಮಗ ಪ್ರೀತಿಯಿಂದ ಬಿಸಿ ಕಾಲುಚೀಲ ತಂದುಕೊಟ್ಟಿದ್ದಾನೆ. ನಾಲ್ವರಲ್ಲಿ ಅದನ್ನು ಧರಿಸಬಾರದವರು ಯಾರು ಎಂದರೆ, ಅಜ್ಜನೇ!

ಮಧುಮೇಹ ಹಲವು ವರ್ಷ ಉಳಿದಾಗ ಪಾದದ ನರಗಳು ದುರ್ಬಲವಾಗುತ್ತವೆ. ಚಪ್ಪಲಿ ಜಾರಿದ್ದು, ಮುಳ್ಳು ಚುಚ್ಚಿದ್ದು, ನೀರು ಸುಟ್ಟದ್ದು ತಿಳಿಯುವುದಿಲ್ಲ. “ಅಪ್ಪ, ಬಿಸಿ ಹೆಚ್ಚಾಯಿತೇ?” ಎಂದು ಕೇಳಿದರೆ “ಹಿತವಾಗಿದೆ” ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಅವರಿಗೆ ಹಾಗೆಯೇ ತೋರುತ್ತದೆ. 1947ರಲ್ಲಿ ಅಮೆರಿಕದ ಸಂಶೋಧಕರಾದ ಮೋರಿಟ್ಸ್ ಮತ್ತು ಹೆನ್ರಿಕ್ವೆಸ್ ತೋರಿಸಿಕೊಟ್ಟಂತೆ, ಚರ್ಮ ಸುಡಲು ಕುದಿಯುವ ನೀರೇ ಬೇಕಾಗಿಲ್ಲ. 44 ಡಿಗ್ರಿಯ ವಸ್ತು ಸುಮಾರು ಆರು ಗಂಟೆ ತಾಗಿದ್ದರೂ ಸಾಕು. ಉಷ್ಣತೆ ಏರಿದಂತೆ ಈ ಅವಧಿ ವೇಗವಾಗಿ ಇಳಿಯುತ್ತದೆ. ಅರಿವಿರುವವನು ನಡುವೆಯೇ “ಉರಿಯುತ್ತಿದೆ” ಎಂದು ಆರಿಸುತ್ತಾನೆ. ಅರಿವು ಕಳೆದುಕೊಂಡ ಪಾದ ಸಂಜೆ ಬೂಟು ಕಳಚಿದಾಗ ಬೊಕ್ಕೆಯನ್ನು ತೋರಿಸುತ್ತದೆ. ಮಧುಮೇಹಿಗಳ ಪಾದದ ಗಾಯ ಎಷ್ಟು ನಿಧಾನವಾಗಿ ಮಾಯುತ್ತದೆ, ಕೆಲವೊಮ್ಮೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ನಮ್ಮಲ್ಲಿ ಅನೇಕ ಮನೆಗಳಿಗೆ ಗೊತ್ತಿದೆ.

ಮಂದವಾದ ಬಿಸಿಯೂ ನಿರಪಾಯವಲ್ಲ ಎಂಬುದಕ್ಕೆ ಕಾಶ್ಮೀರವೇ ಸಾಕ್ಷಿ. ಅಲ್ಲಿನ ಜನ ಫಿರನ್‌ನೊಳಗೆ ಹಿಡಿದುಕೊಳ್ಳುವ ಕೆಂಡದ ಬುಟ್ಟಿ ಕಾಂಗ್ರಿ. ವರ್ಷಾನುಗಟ್ಟಲೆ ಅದರ ಬಿಸಿ ತಾಗಿದ ಹೊಟ್ಟೆ, ತೊಡೆಗಳ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ವೈದ್ಯ ಎಲ್ಮ್ಸ್‌ಲೀ 1866ರಲ್ಲಿಯೇ ದಾಖಲಿಸಿದ್ದರು. ನಾಲ್ಕು ದಿನದ ಪ್ರವಾಸಿಗೆ ಆ ಭಯವಿಲ್ಲ. ಆದರೆ ಹಿತವೆನಿಸುವ ಬಿಸಿಯೂ ಚರ್ಮಕ್ಕೆ ಹಾನಿ ಮಾಡಬಲ್ಲದೆಂಬ ಪಾಠವಿದೆ.

ಆದುದರಿಂದ ಮಧುಮೇಹ ಇರುವವರು, ಕಾಲಿನ ರಕ್ತನಾಳ ಕಟ್ಟಿಕೊಂಡವರು, ಪಾದದಲ್ಲಿ ಜೋಮು ಅಥವಾ ಮಾಯದ ಗಾಯ ಇರುವವರು ಪ್ರವಾಸಕ್ಕೆ ಮುನ್ನ ವೈದ್ಯರಲ್ಲಿ ಪಾದವನ್ನು ಪರೀಕ್ಷಿಸಿಕೊಳ್ಳಬೇಕು. ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಅರಿವನ್ನು ಅಳೆಯುವ ಪರೀಕ್ಷೆ ಕೆಲವೇ ನಿಮಿಷಗಳದು, ನೋವಿಲ್ಲದ್ದು. ಅರಿವು ಕಡಿಮೆ ಇದ್ದರೆ ಬ್ಯಾಟರಿ, ಪೊಟ್ಟಣ, ಬಿಸಿನೀರಿನ ಚೀಲ ಯಾವುದೂ ಬೇಡ. ಒಣ ಉಣ್ಣೆ, ಸಡಿಲವಾದ ಬೂಟು, ಹಿಮದಲ್ಲಿ ಅಲ್ಪಾವಧಿ ಮಾತ್ರ, ರಾತ್ರಿ ಮನೆಯವರಿಂದ ಪಾದದ ತಪಾಸಣೆ. ಇದಕ್ಕೆ ವಿರುದ್ಧವಾಗಿ, ಅರಿವು ಸರಿಯಾಗಿದ್ದು ಚಳಿಗೆ ಬೆರಳು ಬೆಳ್ಳಗಾಗುವ ರೇನಾ ತೊಂದರೆ ಇರುವವರಿಗೆ ವೈದ್ಯರ ಸಲಹೆಯ ಮೇರೆಗೆ ಬಿಸಿ ಕಾಲುಚೀಲ ನಿಜವಾದ ಸಹಾಯಕ. ಸಣ್ಣ ಮಕ್ಕಳು ಆಟದ ಭರದಲ್ಲಿ ಬಿಸಿಯನ್ನೂ ಹೇಳುವುದಿಲ್ಲ, ಚಳಿಯನ್ನೂ ಹೇಳುವುದಿಲ್ಲ. ಅವರ ಪಾದವನ್ನು ಆಗಾಗ ಮುಟ್ಟಿ ನೋಡುವುದೇ ಮೇಲು.

ಹಿಮಕಡಿತವಾದರೆ

ಹಿಮವು ಕೇವಲ ಆಟದ ಅಂಗಳವಲ್ಲ ಎಂಬುದನ್ನು ಕನ್ನಡನಾಡು ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಡಿ ಆರು ದಿನ ಸಿಲುಕಿ ಜೀವಂತವಾಗಿ ಹೊರಬಂದು, ಫೆಬ್ರವರಿ 11ರಂದು ಅಗಲಿದ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾವೆಲ್ಲ ಪ್ರಾರ್ಥಿಸಿದ್ದೆವು. 1984ರಿಂದ ಆ ನೀರ್ಗಲ್ಲನ್ನು ಕಾಯುತ್ತಿರುವ ಸೈನಿಕರಿಗೆ ಕಾಲುಚೀಲ ಒಣಗಿಸುವುದು, ಪಾದ ನೋಡಿಕೊಳ್ಳುವುದು ದಿನನಿತ್ಯದ ಶಿಸ್ತು. ಹಿಮಕಡಿತದ ಗಾಯಕ್ಕೆಂದು ರಕ್ಷಣಾ ಸಂಶೋಧನಾ ಸಂಸ್ಥೆ ಲೋಳೆಸರ ಆಧಾರಿತ ‘ಅಲೋಕಲ್’ ಎಂಬ ಮುಲಾಮನ್ನೂ ಸಿದ್ಧಪಡಿಸಿದೆ.

ಪ್ರವಾಸಿಗಳು ತಿಳಿದಿರಬೇಕಾದ ಲಕ್ಷಣಗಳು ಇಷ್ಟು: ಮೊದಲು ನೋವು, ಅನಂತರ ಜೋಮು, ಆಮೇಲೆ ಬೆರಳು ಮೇಣದಂತೆ ಬಿಳುಪಾಗುವುದು. ನೋವು ನಿಂತಿತೆಂದರೆ ಕಾಲು ಬೆಚ್ಚಗಾಯಿತೆಂದು ತಿಳಿಯಬಾರದು, ಅಪಾಯ ಆರಂಭವಾಗಿರಬಹುದು. ಕೂಡಲೇ ಒಳಗೆ ಬಂದು ಬೂಟು, ಒದ್ದೆ ಕಾಲುಚೀಲ ಕಳಚಬೇಕು.

ಹಿಮದಿಂದ ಉಜ್ಜಬೇಕೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದರ ಹಿಂದೊಂದು ಕಥೆಯಿದೆ. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯಾದಿಂದ ಹಿಮ್ಮೆಟ್ಟುವಾಗ, ಮರಗಟ್ಟಿದ ಕಾಲನ್ನು ಬೆಂಕಿಗೆ ಒಡ್ಡಿದ ಸೈನಿಕರ ದುರವಸ್ಥೆಯನ್ನು ಶಸ್ತ್ರವೈದ್ಯ ಲಾರೇ ಕಂಡರು. ಬೆಂಕಿಗಿಂತ ಹಿಮದಿಂದ ಉಜ್ಜುವುದೇ ಲೇಸೆಂದರು. ಶತಮಾನಕ್ಕೂ ಮಿಕ್ಕಿ ವೈದ್ಯಲೋಕ ಅದನ್ನೇ ಅನುಸರಿಸಿತು. ಬೆಂಕಿಯ ವಿಷಯದಲ್ಲಿ ಅವರ ಎಚ್ಚರಿಕೆ ಸರಿ, ಉಜ್ಜುವ ಸಲಹೆ ತಪ್ಪು. ಉಜ್ಜಿದರೆ ಹೆಪ್ಪುಗಟ್ಟಿದ ಚರ್ಮ ಹರಿಯುತ್ತದೆ. ಇಂದಿನ ಕ್ರಮವೆಂದರೆ 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಪಾದವನ್ನು ಇಳಿಬಿಟ್ಟು ಆದಷ್ಟು ಬೇಗ ವೈದ್ಯರಲ್ಲಿಗೆ ಒಯ್ಯುವುದು. ನೀರಿನ ಬಿಸಿಯನ್ನು ಆರೋಗ್ಯವಂತರೊಬ್ಬರು ಮೊಣಕೈಯಿಂದ ನೋಡಬೇಕು, ರೋಗಿಯ ಕಾಲಿನಿಂದಲ್ಲ. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಬಾರದು. ಬುಖಾರಿ, ಹೀಟರ್, ಬಿಸಿ ಕಾಲುಚೀಲ ಆಗ ಬೇಡವೇ ಬೇಡ. ಮರಗಟ್ಟಿದ ಕಾಲು ಯಾರದೇ ಆಗಲಿ, ಆ ಹೊತ್ತಿಗೆ ಅದು ಅರಿವಿಲ್ಲದ ಕಾಲೇ.

ಕೊನೆಯದಾಗಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಸಾವಿರಾರು ರೂಪಾಯಿಯ ಬಿಸಿ ಸಾಮಗ್ರಿ ಕೊಳ್ಳುವ ಮೊದಲು ಉಣ್ಣೆಯ ಎರಡು ಜೊತೆ ಕಾಲುಚೀಲ, ಸರಿಯಾದ ಟೋಪಿ, ಅಳತೆಗೆ ಹೊಂದುವ ಒಣ ಬೂಟು, ಹೊಟ್ಟೆತುಂಬ ಉಪಾಹಾರ ಇವುಗಳನ್ನು ಹೊಂದಿಸಿಕೊಳ್ಳೋಣ. ಅನಂತರವೂ ಬೇಕೆನಿಸಿದರೆ ಬ್ಯಾಟರಿಯ ನೆರವು ಪಡೆಯೋಣ. ಅದು ಊರುಗೋಲು, ಕಾಲಲ್ಲ.

ನಮ್ಮ ಕಲ್ಪನೆಯ ಅಜ್ಜ ಗುಲ್ಮಾರ್ಗಿಗೆ ಹೋಗಬಾರದೆಂದು ಇದರ ಅರ್ಥವಲ್ಲ. ಅವರು ಹೋಗಲಿ, ಮೊಮ್ಮಗಳು ಹಿಮದ ಮೇಲೆ ಬಿದ್ದು ಎದ್ದು ಕಲಿಯುವುದನ್ನು ಗಾಜಿನ ಕಿಟಕಿಯ ಒಳಗೆ ಕುಳಿತು, ಬಿಸಿ ಕಹ್ವಾ ಕುಡಿಯುತ್ತ ನೋಡಿ ಆನಂದಿಸಲಿ. ರಾತ್ರಿ ಮಗನೋ ಸೊಸೆಯೋ ಅವರ ಪಾದಗಳನ್ನು ಕೈಗೆತ್ತಿಕೊಂಡು ದೀಪದ ಬೆಳಕಿನಲ್ಲಿ ಒಮ್ಮೆ ನೋಡಲಿ. ಹಿರಿಯರ ಪಾದ ಮುಟ್ಟುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲವಲ್ಲ! ಈ ಚಳಿಗಾಲದಲ್ಲಿ ಹಿಮದ ನಾಡಿಗೆ ಹೊರಟಿರುವ ಎಲ್ಲ ಕನ್ನಡ ಬಾಂಧವರ ಪ್ರಯಾಣ ಸುಖಕರವಾಗಲಿ.